ರಾಮಾನುಜನ್ ನೋಟ್‌ಬುಕ್ ಓದಿದವರು: ಒಂದು ಪ್ರಕರಣ ಅಧ್ಯಯನ

1913ರ ಮೇ ತಿಂಗಳಿಂದ ಮದ್ರಾಸ್ ವಿಶ್ವವಿದ್ಯಾಲಯ ಒಬ್ಬ ಗುಮಾಸ್ತನಿಗೆ ತಿಂಗಳಿಗೆ 75 ರೂಪಾಯಿ ಸ್ಕಾಲರ್‌ಶಿಪ್ ಕೊಡಲು ಶುರು ಮಾಡಿತು. ಅವಧಿ ಎರಡು ವರ್ಷ. ಆತನ ಹತ್ತಿರ ಯಾವ ಡಿಗ್ರಿಯೂ ಇರಲಿಲ್ಲ. ಎಫ್.ಎ. ಪರೀಕ್ಷೆಯನ್ನೇ, ಅಂದರೆ ಈಗಿನ ಪಿಯುಸಿಯಂಥದ್ದನ್ನೇ, ದಾಟಲಾಗದೆ ನಿಂತವನು. ಸಂಶೋಧನೆಯ ಸ್ಕಾಲರ್‌ಶಿಪ್ ಬೇಕಾದರೆ ಎಂ.ಎ. ಆಗಿರಬೇಕು ಅಂತ ನಿಯಮವಿತ್ತು. ಆ ನಿಯಮವನ್ನು ಪಕ್ಕಕ್ಕಿಟ್ಟರು. ಪರೀಕ್ಷೆ ಇಲ್ಲ, ಪಾಠ ಮಾಡುವ ಹೊಣೆಯೂ ಇಲ್ಲ. ಒಂದೇ ಒಂದು ಷರತ್ತು: ಏನು ಕೆಲಸ ಮಾಡಿದೆ ಅಂತ ಮೂರು ತಿಂಗಳಿಗೊಮ್ಮೆ ವರದಿ ಬರೆದು ಕೊಡಬೇಕು.

ಆ ಗುಮಾಸ್ತ ಶ್ರೀನಿವಾಸ ರಾಮಾನುಜನ್ ಅನ್ನೋದು ಇಷ್ಟು ಹೊತ್ತಿಗೆ ಗೊತ್ತಾಗಿರುತ್ತೆ. ಅವರ ಕಥೆಯನ್ನು ನಾವು ಪವಾಡ ಮಾಡಿಕೊಂಡು ಹೇಳಿ ಹೇಳಿ ಸವೆಸಿಬಿಟ್ಟಿದ್ದೇವೆ. ನಾಮಗಿರಿ ದೇವಿ ಕನಸಲ್ಲಿ ಬಂದಳು, ಕೇಂಬ್ರಿಜ್ ಗಣಿತಜ್ಞ ಹಾರ್ಡಿ 1729 ನಂಬರಿನ ಟ್ಯಾಕ್ಸಿಯಲ್ಲಿ ಬಂದರು. ಮುಗೀತು. ಮೇಷ್ಟ್ರ ಕಣ್ಣಲ್ಲಿ ನೋಡಿದರೆ ಅದೇ ಕಥೆಯಲ್ಲಿ ಬೇರೆ ಸಂಗತಿ ಕಾಣುತ್ತೆ. ಇಲ್ಲಿರುವುದು ತನ್ನ ಪಾಡಿಗೆ ತಾನು ಕೂತು, ಬರೆದು, ಅಳಿಸಿ, ಒಳಗೇ ಮಥಿಸಿ ಕಲಿಯುವ ಒಬ್ಬ ವಿದ್ಯಾರ್ಥಿ. ಸುತ್ತಲಿನವರು ಹದಿನೈದು ವರ್ಷಗಳಲ್ಲಿ ಅವನಿಗೆ ಬಗೆಬಗೆಯಾಗಿ ಆಸರೆ ಕೊಟ್ಟರು, ಕೆಲವರು ಕೈಬಿಟ್ಟರು. ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಅನ್ನೋದಕ್ಕೆ ಕಾಗದ ಪತ್ರಗಳಿವೆ. ಇಂಥ ವಿದ್ಯಾರ್ಥಿಯ ಬಗ್ಗೆ ಇಷ್ಟು ದಾಖಲೆ ಸಿಗೋದು ಅಪರೂಪ.

"ಎಲ್ಲಾ ಮಕ್ಕಳೂ ರಾಮಾನುಜನ್ ಆಗ್ತಾರಾ?" ಅಂತ ಯಾರಾದರೂ ಕೇಳಬಹುದು. ಆಗಲ್ಲ. ಆದರೆ ನಾನು ಇಲ್ಲಿ ಅವರ ಪ್ರತಿಭೆಯನ್ನು ಅಳೆಯಲು ಹೋಗುತ್ತಿಲ್ಲ. ಅವರ ಸುತ್ತ ಇದ್ದ ಏರ್ಪಾಡನ್ನು ನೋಡುತ್ತಿದ್ದೇನೆ. ಗುಂಪಿನಲ್ಲಿ ಕೂರಿಸಿದರೆ ಬಾಯಿ ಬಿಡದ, ಮೂಲೆಯಲ್ಲಿ ಬಿಟ್ಟರೆ ಪುಟಗಟ್ಟಲೆ ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಇರುತ್ತಾರೆ, ಅಲ್ವಾ? ಅವರಿಗೂ ಇದೇ ಏರ್ಪಾಡು ಬೇಕು, ಅಳತೆ ಮಾತ್ರ ಚಿಕ್ಕದು.

ಕುಂಭಕೋಣ

ಹುಡುಗ ಓದಿದ್ದು ಕುಂಭಕೋಣದ ಟೌನ್ ಹೈಸ್ಕೂಲಿನಲ್ಲಿ. ಅಲ್ಲಿ ತೊಂದರೆಯೇನೂ ಆಗಲಿಲ್ಲ. ಗಣಿತದಲ್ಲಿ ಮುಂದಿದ್ದಾನೆ ಅಂತ ಮೇಷ್ಟ್ರುಗಳಿಗೆ ಗೊತ್ತಿತ್ತು. ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಶಾಲೆಯ ವೇಳಾಪಟ್ಟಿ ಹೊಂದಿಸುವ ಕೆಲಸವನ್ನು ಹಿರಿಯ ಗಣಿತದ ಮೇಷ್ಟ್ರು ಅವನಿಗೇ ವಹಿಸಿದ್ದರಂತೆ. ಇದು ನನಗೆ ಬಹಳ ಹಿಡಿಸಿದ ವಿವರ. ಬೇಗ ಮುಗಿಸುವ ಹುಡುಗನಿಗೆ ನಾವು ಸಾಮಾನ್ಯವಾಗಿ ಅದೇ ಥರದ ಇನ್ನೂ ಹತ್ತು ಲೆಕ್ಕ ಕೊಡುತ್ತೇವೆ. ಆ ಮೇಷ್ಟ್ರು ನಿಜವಾದ ಒಂದು ಕೆಲಸ ಕೊಟ್ಟರು. 1904ರಲ್ಲಿ ಶಾಲೆ ಬಿಡುವಾಗ ಗಣಿತಕ್ಕೆ ಬಹುಮಾನವೂ ಬಂತು.

ಅಷ್ಟರಲ್ಲಿ ಕೈಗೆ ಒಂದು ಪುಸ್ತಕ ಸಿಕ್ಕಿತ್ತು. ಲಂಡನ್ನಿನಲ್ಲಿ ಹುಡುಗರನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದ ಕಾರ್ ಎಂಬವರು ಬರೆದ ಸಿನಾಪ್ಸಿಸ್. ಅದೊಂದು ದೊಡ್ಡ ಪಟ್ಟಿ. ಸಾವಿರಾರು ಸೂತ್ರಗಳು ಒಂದರ ಕೆಳಗೆ ಒಂದು. ಪ್ರೂಫ್ ಇದ್ದರೆ ಒಂದು ಸಾಲಿನ ಸುಳಿವು, ಎಷ್ಟೋ ಕಡೆ ಅದೂ ಇಲ್ಲ. ಬೇರೆ ಹುಡುಗರಾದರೆ ಮುಚ್ಚಿಡುತ್ತಿದ್ದರು. ಇವನಿಗೆ ಅದು ಹಬ್ಬ. ಪ್ರತಿ ಸೂತ್ರವೂ ತಾನೇ ಬಿಡಿಸಬೇಕಾದ ಲೆಕ್ಕವಾಯಿತು. ಒಬ್ಬನೇ ಕೂತು ಕಲಿಯುವವನಿಗೆ ಅರ್ಧ ಬಿಟ್ಟ ಪುಸ್ತಕ ಪೂರ್ತಿ ಹೇಳಿಕೊಟ್ಟ ಪುಸ್ತಕಕ್ಕಿಂತ ಎಷ್ಟೋ ಮೇಲು.

ಆದರೆ ಆ ಪುಸ್ತಕ ಒಂದು ಚಾಳಿಯನ್ನೂ ಕಲಿಸಿತು. ಗಣಿತ ಬರೆಯೋದು ಅಂದರೆ ಉತ್ತರ ಬರೆಯೋದು ಅಂತ. ಕಾಗದ ದುಬಾರಿ. ಹಾಗಾಗಿ ಲೆಕ್ಕವೆಲ್ಲ ಸ್ಲೇಟಿನ ಮೇಲೆ. ಬಟ್ಟೆ ಹುಡುಕುವಷ್ಟು ಪುರುಸೊತ್ತಿಲ್ಲದೆ ಮೊಣಕೈಯಿಂದಲೇ ಒರೆಸುತ್ತಿದ್ದರಂತೆ. ಕೊನೆಗೆ ಬಂದ ಫಲಿತಾಂಶ ಮಾತ್ರ ನೋಟ್‌ಬುಕ್ಕಿಗೆ. ನಡೆದ ದಾರಿ ಮೊಣಕೈಗೆ ಅಂಟಿಕೊಂಡು ಹೋಯಿತು. ಮುಂದೆ ಜಗತ್ತಿಗೇ ತಲೆನೋವಾದ ಸಮಸ್ಯೆಯ ಬೇರು ಇಲ್ಲಿದೆ.

1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸ್ಕಾಲರ್‌ಶಿಪ್ ಮೇಲೆ ಸೇರಿದರು. ಗಣಿತ ಬಿಟ್ಟು ಬೇರೇನೂ ಓದಲಿಲ್ಲ. ಇಂಗ್ಲಿಷ್ ಫೇಲು. ಸ್ಕಾಲರ್‌ಶಿಪ್ ಹೋಯಿತು, ಫೀಸು ಕಟ್ಟಲು ದುಡ್ಡಿರಲಿಲ್ಲ. ಆಮೇಲೆ ಮದ್ರಾಸಿನ ಪಚೈಯಪ್ಪ ಕಾಲೇಜು. ಅಲ್ಲಿ ಶರೀರಶಾಸ್ತ್ರ ಕೈಕೊಟ್ಟಿತು. ಜೀರ್ಣಕ್ರಿಯೆಯ ಉತ್ತರ ಪತ್ರಿಕೆಯಲ್ಲಿ "ಸಾರ್, ಇದು ಜೀರ್ಣ ಅಧ್ಯಾಯದಲ್ಲಿ ನನಗೆ ಜೀರ್ಣವಾಗದೆ ಉಳಿದದ್ದು" ಅಂತ ಬರೆದಿದ್ದರು ಎಂಬ ಕಥೆಯೂ ಇದೆ. 1907ರಲ್ಲಿ ಮತ್ತೆ ಫೇಲು. ಅಲ್ಲಿಗೆ ಕಾಲೇಜಿನ ಬಾಗಿಲು ಮುಚ್ಚಿತು.

ಇಲ್ಲಿ ಯಾರೋ ಒಬ್ಬ ಕ್ರೂರ ಪ್ರಿನ್ಸಿಪಾಲರನ್ನು ಹುಡುಕಬೇಡಿ. ಎಲ್ಲರೂ ನಿಯಮದ ಪ್ರಕಾರವೇ ನಡೆದುಕೊಂಡರು. ಗಣಿತದ ಮೇಷ್ಟ್ರುಗಳಿಗೆ ಅವರ ಬಗ್ಗೆ ಮೆಚ್ಚುಗೆ ಇತ್ತು. ಆದರೆ ಮೆಚ್ಚುಗೆಗೆ ಕಾಗದದ ಮೇಲೆ ಜಾಗವಿರಲಿಲ್ಲ. ಅಂಕಪಟ್ಟಿಯಲ್ಲಿ ಇಂಗ್ಲಿಷ್‌ಗೆ ಒಂದು ಕಾಲಂ ಇತ್ತು, ನೋಟ್‌ಬುಕ್ಕಿಗೆ ಇರಲಿಲ್ಲ. ಈಗಲೂ ನೋಡಿ, ನಮ್ಮ ಪ್ರಾಜೆಕ್ಟ್ ಪುಸ್ತಕಗಳ ಗತಿ ಏನಾಗಿದೆ? ಅಂಗಡಿಯಿಂದ ಚಾರ್ಟು, ಇಂಟರ್ನೆಟ್ಟಿಂದ ಎರಡು ಪುಟ, ಸಹಿ, ಅಂಕ. ಮಗು ತಾನಾಗಿ ಬರೆದಿಟ್ಟ ಪುಸ್ತಕ ಬ್ಯಾಗಿನಲ್ಲೇ ಉಳಿಯುತ್ತೆ.

ಮೊದಲ ಓದುಗರು

1909ರಲ್ಲಿ ಮದುವೆಯಾಯಿತು. ಕೆಲಸ ಬೇಕಿತ್ತು. ನೋಟ್‌ಬುಕ್ ಹಿಡಿದುಕೊಂಡು ಮನೆ ಮನೆ ಅಲೆದರು. ಭಾರತೀಯ ಗಣಿತ ಸಂಘವನ್ನು ಕಟ್ಟಿದ ವಿ. ರಾಮಸ್ವಾಮಿ ಅಯ್ಯರ್ ಆಗ ಡೆಪ್ಯುಟಿ ಕಲೆಕ್ಟರ್. ಅವರನ್ನು ಕೇಳಿದ್ದು ಕಂದಾಯ ಇಲಾಖೆಯಲ್ಲಿ ಒಂದು ಗುಮಾಸ್ತಿಕೆ. ಅವರು ನೋಟ್‌ಬುಕ್ ತಿರುವಿದರು, ಕೆಲಸ ಕೊಡಲಿಲ್ಲ. ಇಂಥ ಪ್ರತಿಭೆಯನ್ನು ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಉಸಿರುಗಟ್ಟಿಸಲು ಮನಸ್ಸಾಗಲಿಲ್ಲ ಅಂತ ಆಮೇಲೆ ಹೇಳಿದರು. ಮದ್ರಾಸಿನವರಿಗೆ ಪರಿಚಯದ ಪತ್ರ ಕೊಟ್ಟು ಕಳಿಸಿದರು. ಹಾಗೆ ತಲುಪಿದ್ದು ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರ ಮನೆಗೆ. ರಾಯರಿಗೆ ಮೊದಲು ತಲೆಬುಡ ಗೊತ್ತಾಗಲಿಲ್ಲ. ಮತ್ತೆ ಬಾ ಅಂದರು. ಸುಲಭದ ಫಲಿತಾಂಶಗಳಿಂದ ಶುರು ಮಾಡಿ ರಾಮಾನುಜನ್ ಮೆಲ್ಲಗೆ ಮೇಲೆ ಕರೆದುಕೊಂಡು ಹೋದ ಮೇಲೆ ನಂಬಿಕೆ ಬಂತು. ಏನು ಬೇಕು ಅಂತ ಕೇಳಿದರು. ಊಟಕ್ಕಾಗುವಷ್ಟು ದುಡ್ಡು, ಬಿಡುವಾಗಿ ಯೋಚಿಸಲು ಸಮಯ ಅಂದರು ರಾಮಾನುಜನ್. ರಾಯರು ತಿಂಗಳಿಗೆ 25 ರೂಪಾಯಿ ಕೊಡುತ್ತಾ ಹೋದರು.

ಈಗ ಬೆಂಗಳೂರಿನ ಕಥೆ. ನಮ್ಮವರಲ್ಲಿ ಇದು ಅಷ್ಟಾಗಿ ಗೊತ್ತಿಲ್ಲ. ಗಣಿತ ಸಂಘದ ಪತ್ರಿಕೆಯ ಸಂಪಾದಕರಾಗಿದ್ದವರು ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಎಂ. ಟಿ. ನಾರಾಯಣ ಅಯ್ಯಂಗಾರ್. ರಾಮಾನುಜನ್ ಅವರ ಮೊದಲ ಲೇಖನ ಬರ್ನೂಲಿ ಸಂಖ್ಯೆಗಳ ಬಗ್ಗೆ. 1911ರಲ್ಲಿ ಅದು ಈ ಪತ್ರಿಕೆಯಲ್ಲೇ ಅಚ್ಚಾಯಿತು. ಸುಮ್ನೆ ಆಗಲಿಲ್ಲ. ಬರಹ ತೀರಾ ಬಿಗಿ, ವಿಧಾನ ಹೊಸದು, ಸ್ಪಷ್ಟತೆ ಇಲ್ಲ, ಸಾಮಾನ್ಯ ಓದುಗ ಹಿಂದೆ ಬರಲಾರ ಅಂತ ಸಂಪಾದಕರಿಗೆ ಅನ್ನಿಸಿತ್ತು. ತಿದ್ದಿಸಲು ಹಸ್ತಪ್ರತಿಯನ್ನು ಮತ್ತೆ ಮತ್ತೆ ವಾಪಸ್ ಕಳಿಸಿದರು. ತಿರಸ್ಕರಿಸಿದ್ದರೆ ಕೆಲಸ ಹಗುರವಾಗುತ್ತಿತ್ತು. ತಾವೇ ತಿದ್ದಿ ಅಚ್ಚು ಹಾಕಿದ್ದರೂ ಹಗುರವೇ. ಅವರು ಎರಡನ್ನೂ ಮಾಡದೆ ಬರೆದವರ ಕೈಯಿಂದಲೇ ತಿದ್ದಿಸಿದರು.

ಆ ಪತ್ರಿಕೆಯಲ್ಲೇ ರಾಮಾನುಜನ್ ಓದುಗರಿಗೆ ಒಂದು ಪ್ರಶ್ನೆ ಹಾಕಿದರು. √(1 + 2√(1 + 3√(1 + 4√(1 + …)))) ಇದರ ಬೆಲೆ ಎಷ್ಟು? ತಿಂಗಳುಗಟ್ಟಲೆ ಕಾದರೂ ಯಾರೂ ಉತ್ತರ ಕಳಿಸಲಿಲ್ಲ. ಉತ್ತರ 3. ಹೇಗೆ ಅಂತ ಹತ್ತನೇ ಕ್ಲಾಸಿನ ಮಗುವಿಗೂ ತೋರಿಸಬಹುದು. 3 ಅಂದರೆ √9. ಒಂಬತ್ತನ್ನು 1 + 2×4 ಅಂತ ಬರೆಯಿರಿ. ಆ 4 ಅಂದರೆ √16, ಅದು 1 + 3×5. ಆ 5 ಅಂದರೆ √25, ಅದು 1 + 4×6. ಹೀಗೇ ಬಿಚ್ಚುತ್ತಾ ಹೋದರೆ ಪ್ರಶ್ನೆ ತಾನಾಗಿ ಎದುರಿಗೆ ಬಂದು ನಿಲ್ಲುತ್ತೆ. ಉತ್ತರದಿಂದ ಪ್ರಶ್ನೆಗೆ ನಡೆದಿದ್ದಾರೆ! ಇದನ್ನು ನೋಡಿದರೆ ಅವರ ತಲೆ ಓಡುವ ರೀತಿ ಅರ್ಧ ಅರ್ಥವಾಗುತ್ತೆ. ಒಂದು ಕೊರತೆಯೂ ಕಾಣುತ್ತೆ. ಬಿಚ್ಚುವುದನ್ನು ಎಲ್ಲೋ ಒಂದು ಕಡೆ ನಿಲ್ಲಿಸಿದಾಗ ಒಳಗೆ ಉಳಿದ ಬಾಲ ಏನು ಮಾಡುತ್ತೆ, ಅದು ಉತ್ತರವನ್ನು ಕೆಡಿಸುವುದಿಲ್ಲವೇ? ಆ ಪ್ರಶ್ನೆಯನ್ನು ಅವರು ಕೇಳಿಕೊಳ್ಳಲಿಲ್ಲ. ಅದನ್ನು ಸರಿಯಾಗಿ ಕಟ್ಟಿದವರು ಆಮೇಲಿನ ಗಣಿತಜ್ಞರು. ಒಬ್ಬರೇ ಕಲಿಯುವವರ ಬಲವೂ ಕೊರತೆಯೂ ಒಂದೇ ಲೆಕ್ಕದಲ್ಲಿ ಸಿಗುವುದು ಅಂದರೆ ಇದು.

1912ರ ಮಾರ್ಚಿನಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ ಸಿಕ್ಕಿತು. ಅಲ್ಲಿ ಮೇಲಧಿಕಾರಿಯಾಗಿದ್ದವರು ಎಸ್. ನಾರಾಯಣ ಅಯ್ಯರ್, ತಾವೂ ಗಣಿತ ಬಲ್ಲವರು. ರಾತ್ರಿ ಇಬ್ಬರೂ ಒಂದೊಂದು ಸ್ಲೇಟು ಹಿಡಿದು ಕೂರುತ್ತಿದ್ದರು. ರಾಮಾನುಜನ್ ಮಧ್ಯದ ಹೆಜ್ಜೆಗಳನ್ನೆಲ್ಲ ಹಾರಿಸಿಬಿಡುತ್ತಿದ್ದರು. ನಾರಾಯಣ ಅಯ್ಯರ್ ಬಿಡುತ್ತಿರಲಿಲ್ಲ. ನಿನ್ನ ಎರಡು ಹೆಜ್ಜೆಗಳ ಮಧ್ಯೆ ಹತ್ತು ಹೆಜ್ಜೆ ಬರೆ, ನನಗೇ ಅರ್ಥವಾಗದಿದ್ದರೆ ಉಳಿದವರಿಗೆ ಹೇಗೆ ಆಗುತ್ತೆ ಅಂತ ಅವರು ಹೇಳುತ್ತಿದ್ದರೆಂದು ಅವರ ಮಗ ಆಮೇಲೆ ನೆನಪಿಸಿಕೊಂಡಿದ್ದಾರೆ. ಈ ಪ್ರಕರಣದಲ್ಲಿ ನನಗೆ ಎಲ್ಲರಿಗಿಂತ ಹತ್ತಿರ ಅನ್ನಿಸುವವರು ಇವರೇ. ವಿದ್ಯಾರ್ಥಿ ತನಗಿಂತ ಎಷ್ಟೋ ಮುಂದಿದ್ದಾನೆ ಅಂತ ಗೊತ್ತು. ಆದರೂ "ನನಗೆ ಗೊತ್ತಾಗಲಿಲ್ಲ, ಇನ್ನೊಂದ್ ಸಲ ಹೇಳು" ಅನ್ನಲು ನಾಚಿಕೆ ಇಲ್ಲ. ಪಾಠ ಹೇಳುವಷ್ಟು ಗೊತ್ತಿಲ್ಲದಿದ್ದರೂ ಓದುಗರಾಗಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾರ್ಡಿಯ ಉತ್ತರ

1913ರ ಜನವರಿ 16ರ ತಾರೀಕು ಹಾಕಿದ ಪತ್ರ ಕೇಂಬ್ರಿಜ್‌ನ ಜಿ. ಎಚ್. ಹಾರ್ಡಿಗೆ ಹೋಯಿತು. ಆ ಪತ್ರದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾವು ನೋಡಬೇಕಾದದ್ದು ಫೆಬ್ರವರಿ 8ರ ಹಾರ್ಡಿಯ ಉತ್ತರವನ್ನು. ಅವರು ಫಲಿತಾಂಶಗಳನ್ನು ಮೂರು ರಾಶಿ ಮಾಡಿದರು. ಇವು ಆಗಲೇ ಗೊತ್ತಿರುವವು. ಇವು ಹೊಸವು, ಆದರೆ ಮಹತ್ವಕ್ಕಿಂತ ಕುತೂಹಲವೇ ಜಾಸ್ತಿ. ಇವು ಹೊಸವೂ ಹೌದು, ಮುಖ್ಯವೂ ಹೌದು, ಆದರೆ ಪ್ರೂಫ್ ಗಟ್ಟಿಯಿದ್ದರೆ ಮಾತ್ರ. ಬೇಗ ಪ್ರೂಫ್ ಕಳಿಸಿ ಅಂತ ಕೇಳಿದರು. ಉಬ್ಬಿಸುವ ಹೊಗಳಿಕೆಯೂ ಇಲ್ಲ, ಕೆಂಪು ಶಾಯಿಯೂ ಇಲ್ಲ. ವಿಂಗಡಣೆ ಮಾತ್ರ. ಒಬ್ಬರೇ ಕೂತು ಕೆಲಸ ಮಾಡುವವರಿಗೆ ತಮ್ಮ ಕೆಲಸ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗುವುದಿಲ್ಲ. ಯಾರೋ ಎಂದೋ ಕಂಡುಹಿಡಿದದ್ದನ್ನೇ ಮತ್ತೆ ಕಂಡುಹಿಡಿಯಲು ವರ್ಷ ಹೋಗಿರುತ್ತೆ. ರಾಮಾನುಜನ್‌ಗೂ ಹಾಗೇ ಆಗಿತ್ತು.

ಉತ್ತರಕ್ಕೆ ರಾಮಾನುಜನ್ ಬರೆದ ಪತ್ರದಲ್ಲಿ ಖುಷಿ ಇದೆ, ಭಯವೂ ಇದೆ. ನನ್ನ ಶ್ರಮವನ್ನು ಸಹಾನುಭೂತಿಯಿಂದ ನೋಡುವ ಸ್ನೇಹಿತ ಸಿಕ್ಕಿದ್ದಾರೆ ಎನ್ನುತ್ತಾರೆ. ಅರೆಹೊಟ್ಟೆಯಲ್ಲಿದ್ದೇನೆ, ಮಿದುಳು ಉಳಿಯಬೇಕಾದರೆ ಊಟ ಬೇಕು ಎನ್ನುತ್ತಾರೆ. ಪ್ರೂಫ್ ಮಾತ್ರ ಕಳಿಸುವುದಿಲ್ಲ. 1+2+3+4+… ಇದರ ಮೊತ್ತ ನನ್ನ ಸಿದ್ಧಾಂತದಲ್ಲಿ −1/12, ಹೀಗೆ ಹೇಳಿದರೆ ನೀವು ನನಗೆ ಹುಚ್ಚಾಸ್ಪತ್ರೆಯ ದಾರಿ ತೋರಿಸುತ್ತೀರಿ ಅಂತ ಬರೆಯುತ್ತಾರೆ. ಅದಕ್ಕೆ ಮುಂಚೆ ಲಂಡನ್ನಿನ ಪ್ರೊಫೆಸರ್ ಒಬ್ಬರು ಡೈವರ್ಜೆಂಟ್ ಶ್ರೇಣಿಗಳ, ಅಂದರೆ ಮೊತ್ತ ಒಂದು ಕಡೆ ನಿಲ್ಲದ ಶ್ರೇಣಿಗಳ, ಗುಂಡಿಗೆ ಬಿದ್ದಿದ್ದೀಯ ಅಂತ ಎಚ್ಚರಿಸಿದ್ದ ನೆನಪು ಇನ್ನೂ ಹಸಿಯಾಗಿತ್ತು. ತನ್ನೊಳಗೇ ಕಲಿತವರಿಗೆ ದಾರಿ ತೋರಿಸುವುದು ಅಂದರೆ ಅಂಗಿ ಬಿಚ್ಚಿ ನಿಂತ ಹಾಗೆ. ಯಾರಾದರೂ ನಕ್ಕುಬಿಟ್ಟರೆ? ಮಗು ನೋಟ್‌ಬುಕ್ ಮುಚ್ಚಿಕೊಂಡಾಗ ಅದನ್ನು ನಾವು ಹಟ ಅಂದುಕೊಳ್ಳುತ್ತೇವೆ.

ಮೂರು ವರದಿಗಳು

ಹಾರ್ಡಿಯ ಮೆಚ್ಚುಗೆಯಿಂದ ಮದ್ರಾಸಿನಲ್ಲಿ ಚಕ್ರ ಉರುಳಿತು. ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಕೂಡ ಗಣಿತಜ್ಞ. ಅವರು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಹಾಗೆ ಬಂದದ್ದು ಮೊದಲು ಹೇಳಿದ 75 ರೂಪಾಯಿ.

ರಾಮಾನುಜನ್ 1913ರ ಆಗಸ್ಟ್, ನವೆಂಬರ್, ಮತ್ತೆ 1914ರ ಮಾರ್ಚಿನಲ್ಲಿ ಮೂರು ವರದಿ ಕೊಟ್ಟರು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ನಡುಗಂಬ ಇವೇ. ನೋಟ್‌ಬುಕ್‌ಗಳಲ್ಲಿ ಉತ್ತರಗಳ ಸಾಲು. ವರದಿಗಳಲ್ಲಿ ಮೊದಲ ಸಲ ಅವರು ಒಂದು ವಿಧಾನವನ್ನು ಹಿಡಿದುಕೊಂಡು, ಇದು ಹೀಗೆ ಬರುತ್ತೆ, ಇದರಿಂದ ಇಷ್ಟೆಲ್ಲ ಸಿಗುತ್ತೆ ಅಂತ ಬಿಡಿಸಿ ಹೇಳುತ್ತಾರೆ. ಈಗ ಗಣಿತದಲ್ಲಿ ರಾಮಾನುಜನ್ ಮಾಸ್ಟರ್ ಥಿಯರಂ ಅಂತ ಕರೆಯುವ ಸೂತ್ರ ಈ ವರದಿಗಳಲ್ಲೇ ವಿವರವಾಗಿ ಬಂತು. ಒಂದು ಷರತ್ತು ಹಾಕಿದ್ದಕ್ಕೆ ಹೀಗಾಯಿತು. ಮೂರು ತಿಂಗಳಿಗೊಮ್ಮೆ ಯಾರೋ ಓದುತ್ತಾರೆ ಅಂತ ಗೊತ್ತಿದ್ದರೆ ತನ್ನ ಯೋಚನೆಯನ್ನು ತಾನೇ ಹೊರಗಿನಿಂದ ನೋಡಬೇಕಾಗುತ್ತೆ. ದಿನಾ ಕೇಳಿದ್ದರೆ ಹಿಂಸೆ, ಕೇಳದೇ ಬಿಟ್ಟಿದ್ದರೆ ಮತ್ತೆ ಸ್ಲೇಟು, ಮತ್ತೆ ಮೊಣಕೈ.

ನಮ್ಮಲ್ಲೂ ಇಂಥ ಜಾಗ ಇಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ತಟ್ಟೆಗಳಲ್ಲಿ, ಅಂದರೆ ಚಿಕ್ಕ ಚಿಕ್ಕ ಗುಂಪುಗಳಲ್ಲಿ, ಕೂರುತ್ತಾರೆ. ಶಿಕ್ಷಕರ ಸಹಾಯದ ತಟ್ಟೆಯಿಂದ ಹಿಡಿದು ಕೊನೆಗೆ ಸ್ವಕಲಿಕೆಯ ತಟ್ಟೆಯವರೆಗೆ. ಏಳು ವರ್ಷದ ಮಗು ಕಾರ್ಡು ಎತ್ತಿಕೊಂಡು ತಾನೇ ಕೆಲಸ ಮಾಡಿ, ಮುಗಿದ ಮೇಲೆ ಪ್ರಗತಿ ನೋಟದಲ್ಲಿ ಗುರುತು ಹಾಕುತ್ತೆ. ಅದು ಮೂರನೇ ತರಗತಿಯವರೆಗೆ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರೂ ಕಪ್ಪು ಹಲಗೆಯ ಕಡೆ ಮುಖ ಮಾಡಿ ಕೂರುತ್ತಾರೆ. ಒಬ್ಬರೇ ಕೂತು ಕೆಲಸ ಮಾಡುವುದು ಜಾಸ್ತಿ ಬೇಕಾಗುವುದೇ ಆಮೇಲೆ.

ಕೇಂಬ್ರಿಜ್

1914ರ ಮಾರ್ಚ್ 17ಕ್ಕೆ ಹಡಗು ಹತ್ತಿದರು. ಕೇಂಬ್ರಿಜ್‌ನಲ್ಲಿ ಹಾರ್ಡಿ ಮತ್ತು ಅವರ ಜೊತೆಗಾರ ಗಣಿತಜ್ಞ ಲಿಟಲ್‌ವುಡ್ ಎದುರಿಸಿದ ಇಕ್ಕಟ್ಟು ಪ್ರತಿ ಮೇಷ್ಟ್ರೂ ಎದುರಿಸುವಂಥದ್ದೇ. ಕಲಿಸದೇ ಬಿಡುವ ಹಾಗಿಲ್ಲ. ಉದಾಹರಣೆಗೆ, ಅವಿಭಾಜ್ಯ ಸಂಖ್ಯೆಗಳನ್ನು ಎಣಿಸಲು ರಾಮಾನುಜನ್ ಕೊಟ್ಟಿದ್ದ ಸೂತ್ರ ಅವರು ಹೇಳಿಕೊಂಡಷ್ಟು ನಿಖರವಲ್ಲ. ಆ ಎಣಿಕೆ ಎಷ್ಟು ನಿಖರ ಅನ್ನೋದು ನಿಂತಿರುವುದು ಝೀಟಾ ಎಂಬ ಫಲನದ ಸಂಕೀರ್ಣ ಶೂನ್ಯಗಳ ಮೇಲೆ; ಅವುಗಳ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಎಷ್ಟು ಯೋಚಿಸಿದರೂ ಒಳಗಿನಿಂದ ಆ ತಪ್ಪು ಕಾಣುತ್ತಿರಲಿಲ್ಲ. ಹಾಗಂತ ಮೊದಲಿನಿಂದ ಪಾಠ ಶುರು ಮಾಡಿದರೆ ಆತ್ಮವಿಶ್ವಾಸ ಮುರಿಯಬಹುದು ಅಂತ ಹಾರ್ಡಿಗೆ ಹೆದರಿಕೆ. ಲಿಟಲ್‌ವುಡ್ ಕಲಿಸಲು ಕೂತರೆ ಇನ್ನೊಂದು ಪಜೀತಿ. ಒಂದು ವಿಷಯ ಎತ್ತಿದರೆ ಸಾಕು, ರಾಮಾನುಜನ್ ಕಡೆಯಿಂದ ಹೊಸ ಯೋಚನೆಗಳ ಪ್ರವಾಹ, ಪಾಠ ಅಲ್ಲೇ ಕೊಚ್ಚಿಹೋಗುತ್ತಿತ್ತು.

ಹಾರ್ಡಿ ಮಾಡಿದ್ದು ಹೀಗೆ: ಪಾಠವನ್ನು ಕೆಲಸದೊಳಗೆ ಬೆರೆಸಿದರು. ಬೇಕಾದ ಜಾಗದಲ್ಲಿ ಬೇಕಾದಷ್ಟು ಮಾತ್ರ. 1918ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ವಿಭಜನೆಗಳ ಲೇಖನ ಅದರ ಫಲ. ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಕೂಡಿಸಿ ಬರೆಯಬಹುದು ಅನ್ನೋದು ಪ್ರಶ್ನೆ. 200ಕ್ಕೆ ಉತ್ತರ 3,972,999,029,388. ಮೇಜರ್ ಮ್ಯಾಕ್‌ಮಹೋನ್ ಎಂಬ ಗಣಿತಜ್ಞ ಕೈಲೆಕ್ಕದಲ್ಲಿ ತೆಗೆದ ಈ ಸಂಖ್ಯೆಯನ್ನು ಇವರ ಸೂತ್ರ ತಂದುಕೊಟ್ಟಿತು. ಊಹೆ ಒಬ್ಬರದು, ಕಟ್ಟಡ ಇನ್ನೊಬ್ಬರದು ಅಂತ ಗೆರೆ ಎಳೆದು ಹೇಳಲು ಬರದ ಹಾಗೆ ಬೆರೆತ ಕೆಲಸ ಅದು.

ಕೇಂಬ್ರಿಜ್ ಸೋತದ್ದು ಬೇರೆ ಕಡೆ. ಯುದ್ಧ ಶುರುವಾಗಿ ಲಿಟಲ್‌ವುಡ್ ಫಿರಂಗಿ ಲೆಕ್ಕಕ್ಕೆ ಹೋದರು. ರಾಮಾನುಜನ್ ಸಸ್ಯಾಹಾರಿ, ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಕೆಲಸದ ಗುಂಗಿನಲ್ಲಿ ಊಟಕ್ಕೆ ಹೊತ್ತುಗೊತ್ತಿಲ್ಲ. 1917ರಲ್ಲಿ ಹಾಸಿಗೆ ಹಿಡಿದರು. ಗಣಿತ ಓದುವವರು ಪಕ್ಕದಲ್ಲೇ ಇದ್ದರು, ಮನುಷ್ಯನನ್ನು ಓದುವವರು ಕಮ್ಮಿ. ಒಬ್ಬರೇ ಇರಲು ಇಷ್ಟಪಡುವವರಿಗೆ ಒಂಟಿತನ ಕಾಡುವುದಿಲ್ಲ ಅಂತ ಸುತ್ತಲಿನವರು ಅಂದುಕೊಂಡುಬಿಡುತ್ತಾರೆ. ಎರಡೂ ಬೇರೆ ಬೇರೆ. ಇನ್ನೊಂದನ್ನು ಹಾರ್ಡಿಯೇ ಒಪ್ಪಿಕೊಂಡಿದ್ದಾರೆ. ಇದು ನಿಮಗೆ ಹೇಗೆ ಹೊಳೆಯಿತು ಅಂತ ಅವರು ರಾಮಾನುಜನ್‌ರನ್ನು ಕೂರಿಸಿಕೊಂಡು ಕೇಳಲೇ ಇಲ್ಲ. ದಿನಾ ಅರ್ಧ ಡಜನ್ ಹೊಸ ಪ್ರಮೇಯ ತರುವವರ ಹತ್ತಿರ ಹಳೆಯದರ ಕಥೆ ಕೇಳುವುದು ಹಾಸ್ಯಾಸ್ಪದ ಅನ್ನಿಸುತ್ತಿತ್ತಂತೆ. 1919ರಲ್ಲಿ ರಾಮಾನುಜನ್ ಊರಿಗೆ ಮರಳಿದರು. 1920ರ ಏಪ್ರಿಲ್ 26ರಂದು ತೀರಿಕೊಂಡರು. 32 ವರ್ಷ. ನೋಟ್‌ಬುಕ್‌ಗಳನ್ನು ಸಾಲು ಸಾಲಾಗಿ ಓದಿ ಪ್ರೂಫ್ ಕಟ್ಟಿದ ಬ್ರೂಸ್ ಬರ್ಂಟ್ ಅವರ ಐದು ಸಂಪುಟ ಹೊರಬಂದದ್ದು 1985ರಿಂದ 1998ರ ನಡುವೆ. ಆ ದಾರಿಗಳನ್ನು ಅಳಿಸದೆ ಬರೆಸಿದ್ದರೆ ಈ ಕೆಲಸ ಎಷ್ಟು ಹಗುರವಾಗುತ್ತಿತ್ತೋ!

ಶಿಸ್ತಿನ ಶಿಕ್ಷಣ ಸಿಕ್ಕಿದ್ದರೆ ಅವರ ಸ್ವಂತಿಕೆ ಹಾಳಾಗುತ್ತಿತ್ತು ಅಂತ ಈಗಲೂ ವಾದಿಸುವವರಿದ್ದಾರೆ. ಹಾರ್ಡಿಯೂ ರಾಮಾನುಜನ್ ತೀರಿಕೊಂಡ ಹೊಸತರಲ್ಲಿ ಸುಮಾರಾಗಿ ಹಾಗೇ ಬರೆದಿದ್ದರು. ಪಳಗಿಸಿದ್ದರೆ ಆತ ಯುರೋಪಿನ ಇನ್ನೊಬ್ಬ ಪ್ರೊಫೆಸರ್ ಆಗುತ್ತಿದ್ದರು, ಲಾಭಕ್ಕಿಂತ ನಷ್ಟವೇ ಜಾಸ್ತಿ ಆಗುತ್ತಿತ್ತೇನೋ ಅಂತ. ಸುಮಾರು ಹದಿನೈದು ವರ್ಷದ ಮೇಲೆ ಆ ಮಾತನ್ನು ಬರೀ ಭಾವುಕತೆ ಅಂತ ತಾವೇ ತಳ್ಳಿಹಾಕಿದರು. ಕುಂಭಕೋಣದಲ್ಲಿ ಹುಡುಗನನ್ನು ಕಳೆದುಕೊಂಡದ್ದರಿಂದ ಯಾವ ಲಾಭವೂ ಆಗಲಿಲ್ಲ, ಬೇಕಾಗಿದ್ದದ್ದು ಬಹಳ ಕಮ್ಮಿ ಎಂದರು. ಐದು ವರ್ಷ, ವರ್ಷಕ್ಕೆ 60 ಪೌಂಡ್. ಜೊತೆಗೆ ನಿಜವಾದ ತಿಳಿವಳಿಕೆ ಮತ್ತು ಸ್ವಲ್ಪ ಕಲ್ಪನೆ ಇರುವ ಯಾರಾದರೊಬ್ಬರ ಸಂಪರ್ಕ, ಅದೂ ಆಗಾಗ. ಆಗಿನ ದರದಲ್ಲಿ ಪೌಂಡಿಗೆ 15 ರೂಪಾಯಿ. 60 ಪೌಂಡ್ ಅಂದರೆ 900 ರೂಪಾಯಿ. ತಿಂಗಳಿಗೆ 75. ಮದ್ರಾಸ್ ವಿಶ್ವವಿದ್ಯಾಲಯ ಕೊಟ್ಟದ್ದೂ ಸರಿಯಾಗಿ ಅಷ್ಟನ್ನೇ. ಕೊಟ್ಟಾಗ ರಾಮಾನುಜನ್‌ಗೆ 25 ವರ್ಷ. ಬೇಕಾಗಿದ್ದದ್ದು ಹದಿನೇಳು ಹದಿನೆಂಟಕ್ಕೆ.